ಮನೆಯವನಾದ ರೋಗಾಣು

ಶಹನಾಯಿ ನುಡಿಸುವ ಯಂಕಪ್ಪನ ಶ್ವಾಸಕೋಶದಲ್ಲಿ ಒಂದು ಕಾವಲು ಜೀವಕೋಶವಿತ್ತು. ತನ್ನೊಳಗೆ ಸವೆದುಹೋದ ಭಾಗಗಳನ್ನು ಪೊರೆಯಲ್ಲಿ ಸುತ್ತಿ ತಾನೇ ಜೀರ್ಣಿಸಿಕೊಳ್ಳುವುದು ಅದರ ನಿತ್ಯದ ಕೆಲಸವಾಗಿತ್ತು.

ಒಂದು ದಿನ ಉಸಿರಿನೊಡನೆ ಬಂದ ರೋಗಾಣುವೊಂದನ್ನು ಕೋಶ ಗುಳಕ್ಕನೆ ನುಂಗಿತು. ರೋಗಾಣು ಬಲು ಜಾಣ. ತನ್ನನ್ನು ಸೆರೆಹಿಡಿದ ಚೀಲವನ್ನು ಹರಿದು ಹೊರಬಂದು, ಕೋಶದ ನಡುಮನೆಯಲ್ಲೇ ಕಾಲುಚಾಚಿ ಕುಳಿತು ಸಂಸಾರ ಬೆಳೆಸಿತು. ಯಂಕಪ್ಪನಿಗೆ ಜ್ವರ ಏರಿತು, ಉಸಿರು ಕಟ್ಟತೊಡಗಿತು.

"ಎದ್ದು ಹೊರಗೆ ನಡೆ" ಎಂದಿತು ಕೋಶ.

"ಎಲ್ಲಿಗೆ ಹೋಗಲಿ ಸ್ವಾಮಿ? ನಿಮ್ಮ ಅನ್ನ ಉಂಡೆ, ನಿಮ್ಮ ಸೂರಿನಡಿ ಬೆಳೆದೆ. ಈಗ ನಾನೂ ಈ ಮನೆಯವನೇ. ಹೊರಗಿನವರನ್ನು ಕೊಲ್ಲುವುದು ಕಾವಲುಗಾರನ ಧರ್ಮ, ಒಪ್ಪಿದೆ. ಮನೆಯವರನ್ನು ಯಾರಾದರೂ ತಿನ್ನುತ್ತಾರೆಯೇ?"

ಕೋಶಕ್ಕೆ ನಗು ತಡೆಯಲಾಗಲಿಲ್ಲ. "ಇದನ್ನು ಮೊದಲೇ ಹೇಳಬಾರದಿತ್ತೇ? ಹೊರಗಿನವರನ್ನು ಅರಗಿಸುವುದೇ ನನಗೆ ಕಷ್ಟ. ಮನೆಯವರನ್ನು ತಿನ್ನುವುದು ಹುಟ್ಟಿನಿಂದ ಬಂದ ಅಭ್ಯಾಸ!" ಎನ್ನುತ್ತ ಪೊರೆ ಹರಡಿ, ರೋಗಾಣುವನ್ನು ಮಕ್ಕಳು ಮರಿ ಸಮೇತ ಮೂಟೆ ಕಟ್ಟಿತು.

"ತಪ್ಪಾಯಿತು, ನಾನು ಹೊರಗಿನವನು! ಹೊರಗಿನವನು!" ಎಂಬ ಕೂಗು ಮೂಟೆಯೊಳಗೇ ಕರಗಿಹೋಯಿತು.

ಯಂಕಪ್ಪ ಮೈಯೆಲ್ಲ ಬೆವೆತು, ಹಸಿವಾಗುತ್ತಿದೆ ಎನ್ನುತ್ತ ಎದ್ದು ಕುಳಿತ.