ಅಡುಗೆಯವನು ಕೊಂಡ ವಠಾರ

“ಗುರುಗಳೇ, ನಾಲ್ಕು ಮನೆಯ ಒಂದು ವಠಾರ ಮಾರಾಟಕ್ಕಿದೆ. ಬಾಡಿಗೆ ಬರಲಿ ಎಂದು ನಾನು ಕೊಳ್ಳುತ್ತಿರುವ ಮೊದಲ ಆಸ್ತಿ ಅದು. ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಧೀರೇಂದ್ರ ಕೇಳಿದ.

ಅವನು ಔಷಧಿ ಅಂಗಡಿ ಇಟ್ಟುಕೊಂಡಿದ್ದ ಗೃಹಸ್ಥ. ಪತ್ರಗಳ ನಕಲು, ಬಾಡಿಗೆಯ ಪಟ್ಟಿ, ಗೋಡೆಗಳ ಅಳತೆ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಮಠಕ್ಕೆ ಬಂದಿದ್ದ. ಗುರುಗಳು ಚೀಲ ಮುಟ್ಟಲಿಲ್ಲ. ಅದನ್ನು ಒಬ್ಬ ವಕೀಲರಿಗೆ ತೋರಿಸು, ಅವರಿಗಾದರೂ ಓದಲು ಬರುತ್ತದೆ, ನನ್ನ ಹತ್ತಿರ ಇರುವುದು ಒಂದು ಕತೆ, ಬೇಕಾದರೆ ಕೂತುಕೋ ಎಂದರು. ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ, ಮುಂಜಿ, ಆರಾಧನೆ, ಎಲ್ಲಿ ನಾಲ್ಕು ಎಲೆ ಹಾಕಿದರೂ ಅಲ್ಲಿ ಅವನದೇ ಸೌಟು. ಮೂವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಒಂದು ದಿನ ಅನ್ನದ ಕೊಪ್ಪರಿಗೆ ಎತ್ತಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತು. ಜೊತೆಗಾರನೊಬ್ಬನನ್ನು ಇಟ್ಟುಕೊಂಡು ಹೇಗೋ ಕೆಲಸ ನಡೆಸಿದ. ಅವನಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ ಒಂದಿಷ್ಟಿತ್ತು. ಕೈಲಾಗದ ಕಾಲಕ್ಕೆ ಇನ್ನೊಬ್ಬರ ಮುಂದೆ ಕೈಯೊಡ್ಡಬಾರದು, ಇಷ್ಟೇ ಅವರ ಆಸೆ. ಒಂದು ವಠಾರ ಕೊಂಡರೆ ಬಾಡಿಗೆಯಲ್ಲಿ ಬದುಕು ಸಾಗುತ್ತದೆ ಎಂದುಕೊಂಡರು. ಇದರಲ್ಲಿ ಎಡವಿದರೆ ಮತ್ತೆ ಕೂಡಿಡುವಷ್ಟು ಆಯುಸ್ಸು ಅವರ ಕೈಯಲ್ಲಿ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅದೇ ಊರಿನ ವ್ಯಾಪಾರಿಯೊಬ್ಬ ಐದು ಮನೆಯ ಒಂದು ವಠಾರವನ್ನು ಮಾರುವವನಿದ್ದ. ಐದೂ ಮನೆಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಾಲು, ಒಂದೇ ಹೆಂಚಿನ ಮಾಡು. ಮುಂದೆ ಅಂಗಳ, ಅಂಗಳದಲ್ಲಿ ಬಾವಿ. ಬೆಲೆಯೂ ತಕ್ಕಮಟ್ಟಿಗೆ ಕೈಗೆಟುಕುವಂತಿತ್ತು.

ಅಡುಗೆಯವನು ದುಡುಕುವ ಆಸಾಮಿಯಲ್ಲ. ಒಂದಲ್ಲ, ಮೂರು ಸಲ ಹೋಗಿ ನೋಡಿದ. ಮೊದಲ ಸಲ ಗೋಡೆ, ತೊಲೆ, ಬಾಗಿಲು ಎಲ್ಲವನ್ನೂ ತಟ್ಟಿ ನೋಡಿದ. ಗೆದ್ದಲು ಹಿಡಿದಿರಲಿಲ್ಲ. ಎರಡನೆಯ ಸಲ ಬಾವಿಗೆ ಹಗ್ಗ ಬಿಟ್ಟು ನೀರಿನ ಆಳ ಅಳೆದ. ಮೂರನೆಯ ಸಲ ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಹೆಂಗಸರು ಮೆಲ್ಲನೆ ದೇವರ ಹಾಡು ಹೇಳಿಕೊಳ್ಳುತ್ತಿದ್ದರು. ಕೂಗಾಟವಿಲ್ಲ, ಜಗಳವಿಲ್ಲ. ಪೂರ್ವದ ಕಡೆಯ ಕೊನೆಯ ಮನೆ ಮಾತ್ರ ಖಾಲಿಯಿತ್ತು. ಇದ್ದವರಿಗೆ ವರ್ಗವಾಯಿತಂತೆ ಎಂದು ವ್ಯಾಪಾರಿ ಹೇಳಿದ. ವರ್ಗವಾಗುವುದು ಲೋಕದಲ್ಲಿ ಇದ್ದದ್ದೇ, ಇವನೂ ನಂಬಿದ. ಎರಡು ದಿನ ಬಿಟ್ಟು ಮುಂಗಡ ಕೊಡುತ್ತೇನೆಂದು ಮಾತು ಕೊಟ್ಟು ಸಂಜೆ ಮನೆಗೆ ಬಂದ.

ಬಂದವನು ಹೆಂಡತಿಯ ಮುಂದೆ ವಠಾರವನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಎಲ್ಲವನ್ನೂ ಕೇಳಿ, “ಹೌದೂ, ಅಲ್ಲಿ ಯಾರ ಮನೆಯಲ್ಲಿ ಏನು ಅಡುಗೆ?” ಎಂದಳು.

ಬೀದಿಯಲ್ಲಿ ನಡೆದು ಹೋಗುವಾಗಲೇ ಇವರ ಮನೆಯಲ್ಲಿ ಗೊಜ್ಜು, ಅವರ ಮನೆಯಲ್ಲಿ ತೊವ್ವೆ ಎಂದು ಒಗ್ಗರಣೆಯ ವಾಸನೆಯ ಮೇಲೆ ಹೇಳುತ್ತಿದ್ದವನು ಈ ಅಡುಗೆಯವನು. ಮೂರು ಸಲ ಹೋಗಿದ್ದರೂ ಆ ವಠಾರದಲ್ಲಿ ಅವನ ಮೂಗಿಗೆ ಏನೂ ಬಿದ್ದಿರಲಿಲ್ಲ. ಆಗ ಹೊಳೆಯಿತು. ಉಳಿದ ದಿನ ಅವನಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಏಕಾದಶಿಯಂದು ಯಾರೂ ಊಟ ಹಾಕಿಸುವುದಿಲ್ಲವಾದ್ದರಿಂದ ಅವನಿಗೆ ಬಿಡುವು ಅದೊಂದೇ ದಿನ. ಮೂರು ಸಲವೂ ಏಕಾದಶಿಯಂದೇ ಹೋಗಿದ್ದ, ಮಹಾರಾಯ. ವಠಾರದವರೂ ಉಪವಾಸ ಮಾಡುವವರೇ. ಅವನು ನೋಡಿದ ಮೂರೂ ದಿನ ಅಲ್ಲಿ ಒಂದು ಒಲೆಯೂ ಹತ್ತಿರಲಿಲ್ಲ.

ಮರುದಿನ ದ್ವಾದಶಿ. ಉಪವಾಸ ಬಿಡುವವರೆಲ್ಲ ಬೆಳಗಾಗುತ್ತಲೇ ಉಣ್ಣಬೇಕು, ಹಾಗಾಗಿ ಅಡುಗೆಯವರಿಗೆ ಅದು ಮೈ ಮುರಿಯುವಷ್ಟು ಕೆಲಸದ ಹೊತ್ತು. ಒಪ್ಪಿಕೊಂಡಿದ್ದ ಮನೆಗೆ ಇವನು ತನ್ನ ಜೊತೆಗಾರನನ್ನು ಕಳಿಸಿ, ಆ ಮನೆಯ ಯಜಮಾನರಿಂದ ಬೈಸಿಕೊಂಡು, ಸೂರ್ಯ ಹುಟ್ಟುವಾಗ ವಠಾರದ ಬಾಗಿಲಲ್ಲಿ ನಿಂತ.

ನಾಲ್ಕು ಮನೆಯಲ್ಲೂ ಒಲೆ ಉರಿಯುತ್ತಿತ್ತು. ಹೊಗೆಯಲ್ಲಿ ಬಾವಿ ಕಾಣಿಸುತ್ತಿರಲಿಲ್ಲ. ಎರಡನೆಯ ಮನೆಯವರು ಮೊದಲನೆಯವರನ್ನು ಬೈಯುತ್ತಿದ್ದರು, ಮೂರನೆಯವರು ಎರಡನೆಯವರನ್ನು. ನಾಲ್ಕನೆಯ ಮನೆಯ ಹೆಂಗಸು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು. ಕೂಸು ಒಂದೇ ಸಮನೆ ಕೆಮ್ಮುತ್ತಿತ್ತು. ಅಡುಗೆಯವನು ಹೋಗಿ, ಏನಮ್ಮ ಇದು ಎಂದು ಕೇಳಿದ.

“ದಿನವೂ ಹೀಗೇ ಅಣ್ಣ. ಪಕ್ಕದವರು ಒಲೆ ಹಚ್ಚಿದರೆ ನಾವು ಹೊರಗೆ ಬರಬೇಕು. ಕೊನೆಯ ಮನೆಗೆ ವರ್ಷದಲ್ಲಿ ಮೂರು ಸಂಸಾರ ಬಂದವು, ಮೂರೂ ಹೋದವು. ನಮಗೂ ಬೇರೆ ಮನೆ ಸಿಕ್ಕರೆ ನಾಳೆಯೇ ಹೊರಡುತ್ತೇವೆ,” ಎಂದಳು ಅವಳು.

ಮೂವತ್ತು ವರ್ಷದ ಬೆವರನ್ನು ನೀರಿನಲ್ಲಿ ಹೋಮ ಮಾಡಲು ಹೊರಟಿದ್ದೆನಲ್ಲ ಎಂದು ಅಡುಗೆಯವನಿಗೆ ಹೆದರಿಕೆಯಾಯಿತು. ವ್ಯಾಪಾರಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಈ ಸಹವಾಸವೇ ಬೇಡ ಎಂದು ತಿರುಗಿ ನಾಲ್ಕು ಹೆಜ್ಜೆ ನಡೆದ.

ನೀನಾಗಿದ್ದರೆ ಅಲ್ಲಿಂದ ಹಾಗೇ ಬಸ್ ಹತ್ತುತ್ತಿದ್ದೆ, ಧೀರೇಂದ್ರ. ಅವನು ಹೋಗಲಿಲ್ಲ. ಕೂಸಿನ ಕೆಮ್ಮು ಅವನನ್ನು ಬಿಡಲಿಲ್ಲ. ಅಲ್ಲದೆ ಹೊಗೆ ಎಂದರೆ ಅವನ ಕಸುಬು. ಮದುವೆಮನೆಯಲ್ಲಿ ಒಲೆ ತೋಡುವ ಮುಂಚೆ ಗಾಳಿ ನೋಡದೆ ಅವನು ಗುದ್ದಲಿ ಮುಟ್ಟುತ್ತಿರಲಿಲ್ಲ. ಬಾವಿಯ ಹತ್ತಿರ ಪಾತ್ರೆ ತಿಕ್ಕಲು ಬೂದಿ ಇಟ್ಟಿದ್ದರು. ಒಂದು ಚಿಟಿಕೆ ತೆಗೆದು ಮೇಲಿನಿಂದ ಬಿಟ್ಟ. ಬೂದಿ ಪಶ್ಚಿಮದಿಂದ ಪೂರ್ವಕ್ಕೆ ಹಾರಿತು.

ಆಮೇಲೆ ಒಳಗೆ ಹೋಗಿ ನೋಡಿದ. ಕಟ್ಟಿಸಿದವನು ಶಾಸ್ತ್ರ ಬಿಡದೆ ಐದೂ ಮನೆಗೆ ಆಗ್ನೇಯ ಮೂಲೆಯಲ್ಲಿ ಒಲೆ ಹಾಕಿಸಿದ್ದ. ಒಂಟಿ ಮನೆಗೆ ಅದು ಸರಿಯೇ. ಸಾಲುಮನೆಯಲ್ಲಿ ಹಾಗೆ ಮಾಡಿದರೆ ಒಬ್ಬರ ಒಲೆ ಪೂರ್ವದ ಕಡೆಯವರ ಮಲಗುವ ಕೋಣೆಗೆ ಅಂಟಿಕೊಳ್ಳುತ್ತದೆ. ನಡುವಿನ ಗೋಡೆಗಳೂ ಹೆಂಚಿನವರೆಗೆ ಏರಿರಲಿಲ್ಲ, ಮೇಲೆ ಮೊಳದಷ್ಟು ಸಂದಿಯಿತ್ತು. ಆ ಸಂದಿಯನ್ನು ಅವನು ಮೂರು ಸಲವೂ ಕಂಡಿದ್ದ. ಗಾಳಿಯಾಡಲು ಒಳ್ಳೆಯದಾಯಿತು ಎಂದು ಮೆಚ್ಚಿಕೊಂಡೂ ಇದ್ದ. ಈಗ ನೋಡಿದರೆ ಇವರ ಹೊಗೆ ಅವರ ಮನೆಗೆ ದಾಟುತ್ತಿದ್ದುದು ಅಲ್ಲಿಂದಲೇ. ಸಂದಿಗೆ ಇಟ್ಟಿಗೆ ಕಟ್ಟಿ, ಪ್ರತಿ ಒಲೆಯ ಮೇಲೆ ಮಾಡಿನಲ್ಲಿ ಒಂದು ಕಿಂಡಿ ತೆಗೆಸಿದರೆ ಮುಗಿಯಿತು. ಗಾರೆಯವನಿಗೆ ಹತ್ತು ದಿನದ ಕೆಲಸ. ಅಡುಗೆಯವನಿಗೆ ಅಳುವಷ್ಟು ಸಂತೋಷವಾಯಿತು.

ನೇರವಾಗಿ ವ್ಯಾಪಾರಿಯ ಹತ್ತಿರ ಹೋಗಿ ಹೊಗೆಯ ಮಾತೆತ್ತಿದ. ವ್ಯಾಪಾರಿ ಅಲ್ಲಗಳೆಯಲಿಲ್ಲ. ಹೌದು, ಹಾಗಂತ ಹೇಳುತ್ತಾರೆ, ನಾನಿರುವುದು ಎರಡು ಬೀದಿ ಆಚೆ, ಬಾಡಿಗೆಗೆ ಗುಮಾಸ್ತ ಹೋಗಿ ಬರುತ್ತಾನೆ ಎಂದ. ಗಾರೆಯವನ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಟ್ಟ. ವಠಾರ ಅಡುಗೆಯವನದಾಯಿತು.

ಗೋಡೆ ಮೇಲೇರಿತು, ಕಿಂಡಿ ತೆರೆಯಿತು, ಹೊಗೆ ಆಕಾಶಕ್ಕೆ ಹೋಯಿತು. ಬೈಗುಳ ತಾನಾಗಿ ನಿಂತಿತು. ನಾಲ್ಕನೆಯ ಮನೆಯವರು ಬೇರೆ ಮನೆ ಹುಡುಕುವುದನ್ನು ಬಿಟ್ಟರು. ಕೊನೆಯ ಮನೆಯನ್ನು ಕೇಳಿಕೊಂಡು ಮೂರು ಸಂಸಾರದವರು ಬಂದರು. ಅಡುಗೆಯವನು ಅದನ್ನು ಯಾರಿಗೂ ಕೊಡದೆ, ಹೊಗೆ ಸುಳಿಯದ ಮೊದಲನೆಯ ಮನೆಯವರನ್ನೂ ಎಬ್ಬಿಸದೆ, ಒಂದು ಒಳ್ಳೆಯ ದಿನ ಕೊನೆಯ ಮನೆಯಲ್ಲೇ ಹಾಲು ಉಕ್ಕಿಸಿ ಹೆಂಡತಿಯೊಡನೆ ಬಂದು ಸೇರಿಕೊಂಡ. ಯಜಮಾನನಾಗಿ ಕಡೆಯ ಮನೆಯಲ್ಲಿ ಇರುವುದೇ ಎಂದು ನೆಂಟರು ನಕ್ಕರು. ಯಾವ ಒಲೆಯ ಹೊಗೆ ದಾರಿ ತಪ್ಪಿದರೂ ಇಲ್ಲಿ ನಮ್ಮ ಕಣ್ಣಿಗೆ ಬರುತ್ತದೆ ಎಂದು ಅವನ ಹೆಂಡತಿ ಅವರಿಗೆ ಹೇಳಿದಳು. ಆ ಇಬ್ಬರೂ ಬದುಕಿರುವವರೆಗೆ ಅಲ್ಲಿ ಮನೆ ಖಾಲಿಯಿದೆ ಎಂಬ ಮಾತೇ ಹುಟ್ಟಲಿಲ್ಲ. ಅವರು ಯಾರ ಮುಂದೆಯೂ ಕೈಯೊಡ್ಡಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಧೀರೇಂದ್ರನ ಮುಖ ಅರಳಿತ್ತು. ನಾಳೆಯೇ ಒಲೆ ಉರಿಯುವ ಹೊತ್ತಿಗೆ ಹೋಗಿ ನೋಡುತ್ತೇನೆ ಎಂದ. ಆಮೇಲೆ ತುಸು ಯೋಚಿಸಿ, “ಆದರೆ ಗುರುಗಳೇ, ಹತ್ತು ದಿನದ ಕೆಲಸವನ್ನು ಅಷ್ಟು ವರ್ಷ ಮಾಡಿಸದೆ ಕೂತಿದ್ದನಲ್ಲ, ಆ ವ್ಯಾಪಾರಿ ಎಂಥ ಕೆಟ್ಟ ಮನುಷ್ಯ?” ಎಂದ.

“ಕೆಟ್ಟವನಲ್ಲಪ್ಪ, ಅವನ ಮನೆಯವರೆಗೆ ಹೊಗೆ ಬರುತ್ತಿರಲಿಲ್ಲ, ಅಷ್ಟೇ. ನೀನು ಕೊಳ್ಳುವ ವಠಾರದಿಂದ ನಿನ್ನ ಮನೆ ಎಷ್ಟು ದೂರ?” ಎಂದರು ಗುರುಗಳು.