ಕಾಲಿಲ್ಲದ್ದೆಲ್ಲ ಆಚೆ ದಡಕ್ಕೆ

ಹೊಳೆದಂಡೆಯಲ್ಲಿ ಮರುಳಯ್ಯ ಗುರುಗಳ ಆಶ್ರಮ. ಅಲ್ಲಿ ಹಾವು ಕಂಡರೆ ಹೊಡೆಯುವಂತಿಲ್ಲ. ಗಡಿಗೆಗೆ ಹಾಕಿ, ಹರಿಗೋಲಿನಲ್ಲಿ ಒಯ್ದು, ಆಚೆ ದಡದ ಬಂಡೆಗಳ ನಡುವೆ ಬಿಟ್ಟು ಬರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಓತಿ, ಹಲ್ಲಿ, ಹಾವುರಾಣಿಗಳು ಮಾತ್ರ ಈಚೆಯೇ ಇರಬಹುದು.

ಯಾವುದು ಏನೆಂದು ತೀರ್ಮಾನಿಸುವವನು ಶಿಷ್ಯ ಬೊಮ್ಮರಸ. ಅವನ ಲೆಕ್ಕ ಬಲು ಸುಲಭ. ಕಾಲಿದ್ದರೆ ಈಚೆ, ಇಲ್ಲದಿದ್ದರೆ ಆಚೆ.

ಒಂದು ಬೆಳಿಗ್ಗೆ ಗೊಬ್ಬರದ ಗುಂಡಿ ಕೆದಕುತ್ತಿದ್ದವನು ಗಡಿಗೆ ಎತ್ತಿಕೊಂಡು ಓಡಿಬಂದ.

“ಗುರುಗಳೇ, ಹೊಸ ಹಾವು! ಎಣ್ಣೆ ಸವರಿದ ಹಾಗೆ ಮಿಂಚುತ್ತಿದೆ! ಇಂಥದ್ದನ್ನು ಯಾರೂ ನೋಡಿಲ್ಲ!”

“ನೀನು ನೋಡಿದೆಯಾ?”

“ನೋಡಿದೆನಲ್ಲ, ಕಾಲೇ ಇಲ್ಲ!”

ಗುರುಗಳು ಅವನ ಜೊತೆ ಹರಿಗೋಲು ಹತ್ತಿ ಕೂತರು. ನಡುಹೊಳೆಯಲ್ಲಿ ಹುಟ್ಟನ್ನು ಅವನ ಕೈಯಿಂದ ತೆಗೆದುಕೊಂಡರು.

“ಗಡಿಗೆಯೊಳಗೆ ನೋಡು. ಅದು ನಿನ್ನನ್ನು ನೋಡುವವರೆಗೂ ನೋಡು.”

ಬೊಮ್ಮರಸ ಬಗ್ಗಿದ. ಹರಿಗೋಲು ತನ್ನಷ್ಟಕ್ಕೆ ಸುತ್ತುತ್ತಿತ್ತು. ಒಳಗಿದ್ದ ಜೀವ ತಲೆ ಎತ್ತಿತು, ಪಿಳಿಕ್ಕನೆ ಕಣ್ಣು ಮುಚ್ಚಿ ತೆರೆಯಿತು.

“ರೆಪ್ಪೆ ಬಡಿಯಿತು!” ಅವನು ಎದ್ದು ಕುಣಿದ ರಭಸಕ್ಕೆ ಹರಿಗೋಲು ಮಗುಚುವುದೊಂದು ಬಾಕಿ. “ಹಾವಿಗೆಲ್ಲಿದೆ ರೆಪ್ಪೆ, ಗುರುಗಳೇ? ಇದು ಓತಿಯ ಕುಲ! ಕಾಲಿಲ್ಲದ ಹಾವುರಾಣಿ!”

“ಕೂತ್ಕೊಳ್ಳೋ ಮಾರಾಯ, ನನಗೆ ಈಜು ಬರಲ್ಲ.”

ಅವನು ಕೂತ. “ಆ ಬಂಡೆಗಳ ಮೇಲೆ ಇದನ್ನು ಬಿಟ್ಟಿದ್ದರೆ?”

“ಹಸಿಮಣ್ಣಿನ ಜೀವ ಅದು. ಮಧ್ಯಾಹ್ನದೊಳಗೆ ಒಣಗಿ ಸಾಯುತ್ತಿತ್ತು.”

ಬೊಮ್ಮರಸ ಹುಟ್ಟು ಕಸಿದುಕೊಂಡು ಹರಿಗೋಲು ತಿರುಗಿಸಿದ. ಗೊಬ್ಬರದ ಗುಂಡಿಯಲ್ಲಿ ಬಿಟ್ಟೊಡನೆ ಅದು ಸರಕ್ಕನೆ ಮಣ್ಣಿಗಿಳಿಯಿತು. ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು.

“ಇನ್ನು ತಪ್ಪಾಗುವ ಮಾತೇ ಇಲ್ಲ, ಗುರುಗಳೇ! ಕಾಲಿನ ಲೆಕ್ಕ ಬಿಟ್ಟೆ. ರೆಪ್ಪೆ ಬಡಿದರೆ ಈಚೆ, ಬಡಿಯದಿದ್ದರೆ ಆಚೆ!”

ಗುರುಗಳು ಅಡುಗೆಮನೆಯ ಗೋಡೆಯತ್ತ ಕೈ ತೋರಿದರು. ಅಲ್ಲೊಂದು ಹಲ್ಲಿ ಕೂತಿತ್ತು.

ಬೊಮ್ಮರಸ ಅದನ್ನೇ ದಿಟ್ಟಿಸಿದ. ಬಹಳ ಹೊತ್ತು ದಿಟ್ಟಿಸಿದ. ಹಲ್ಲಿ ರೆಪ್ಪೆ ಬಡಿಯಲಿಲ್ಲ. ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಂಡಿತು.

“ಅಯ್ಯೋ, ಇದಕ್ಕೆ ರೆಪ್ಪೆಯೇ ಇಲ್ಲ!”

“ಹೌದಲ್ಲ,” ಎಂದರು ಗುರುಗಳು. “ಹರಿಗೋಲು ಇನ್ನೂ ಕಟ್ಟಬೇಡ. ಹಲ್ಲಿಯನ್ನೂ ದಾಟಿಸಿ ಬಾ.”