ಲೂರ್ದುವಿನ ತಾಯಿಗೆ ಹಿಟ್ಟು

ಚೌರಪ್ಪನಿಗೆ ಹೊಟ್ಟೆಕಿಚ್ಚು. ಅದೂ ಅಂಥಿಂಥದ್ದಲ್ಲ, ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಆರದಂಥದ್ದು.

ಅವನೂ ಲೂರ್ದುವೂ ಕೊಳ್ಳೇಗಾಲದ ಕಡೆಯ ಬ್ರದರುಗಳು, ಪಾದ್ರಿಗಳಾಗುವ ಗುರುದೀಕ್ಷೆಗೆ ಇನ್ನೂ ಎರಡು ವರ್ಷವಿತ್ತು. ಆರು ತಿಂಗಳ ಸೇವೆಗೆಂದು ಆಫ್ರಿಕಾದ ಮಲಾವಿಗೆ, ಫಾದರ್ ಇನ್ನಾಸಪ್ಪನವರ ಹತ್ತಿರ ಬಂದಿದ್ದರು. ಫಾದರ್ ಅಲ್ಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಸವೆಸಿದ ಮುದುಕರು. ಕೊನೆಗೆ ಇಬ್ಬರಲ್ಲಿ ಒಬ್ಬನನ್ನು ಅಲ್ಲೇ ಉಳಿಸಿಕೊಳ್ಳುತ್ತೇನೆ, ಯಾರನ್ನು ಎಂದು ಊರೇ ಹೇಳಲಿ ಎಂದಿದ್ದರು.

ಉಳಿಯುವವನು ತಾನೇ ಎಂದು ಚೌರಪ್ಪ ಗಟ್ಟಿಮಾಡಿಕೊಂಡಿದ್ದ. ಹೊರಡುವ ಮುಂಚೆಯೇ ಒಂದು ವರ್ಷ ಕೂತು ಅಲ್ಲಿನ ಚೆವಾ ಭಾಷೆ ಕಲಿತಿದ್ದ. ಲೂರ್ದುವಿಗೆ ಬರುತ್ತಿದ್ದದ್ದು ನಾಲ್ಕು ಮಾತು, ಅದರಲ್ಲೂ ಎರಡು ತಪ್ಪು.

ಆದರೆ ಊರು ಮುತ್ತಿಕೊಳ್ಳುತ್ತಿದ್ದದ್ದು ಲೂರ್ದುವನ್ನು. ಹೆಂಗಸರು ಜೋಳ ಕುಟ್ಟುವಲ್ಲಿಗೆ ಹೋಗಿ ಅವನೂ ಒಂದು ಒನಕೆ ಹಿಡಿಯುತ್ತಿದ್ದ. ಗಂಡಸು ಒನಕೆ ಹಿಡಿದನೆಂದು ಅವರು ಬಿದ್ದು ಬಿದ್ದು ನಗುತ್ತಿದ್ದರು, ನಗುತ್ತಲೇ ಊಟಕ್ಕೆ ಕೂರಿಸುತ್ತಿದ್ದರು. ಚೌರಪ್ಪ ಚರ್ಚಿನಲ್ಲಿ ನಿಂತು ಅಚ್ಚುಕಟ್ಟಾಗಿ ಪ್ರಸಂಗ ಮಾಡಿದರೆ ಅದೇ ಜನ ಆಕಳಿಸುತ್ತಿದ್ದರು.

"ಸ್ವಾಮಿ, ಅವನಲ್ಲಿ ಏನಿದೆ ಅಂತ ಇವ್ರು ಹಿಂಗೆ ಮೇಲೆ ಬೀಳ್ತಾರೆ?" ಎಂದು ಒಮ್ಮೆ ಕೇಳಿಯೇ ಬಿಟ್ಟ.

"ಅವರನ್ನೇ ಕೇಳು. ಭಾಷೆ ಬರೋದು ನಿನಗೆ ತಾನೆ?" ಎಂದರು ಫಾದರ್.

ಅವನು ಕೇಳಲಿಲ್ಲ.

ಕೊನೆಯ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಯಿತು. ಊರಿನ ಮುಖಂಡೆ ನಬಾಂಡಾ ನೇರ ಲೂರ್ದುವಿನ ಎದುರು ಬಂದು ನಿಂತು ಮಾತಾಡಿದಳು. ಆಕೆಯ ಮಾತೆಂದರೆ ಊರಿನ ಮಾತು. ಫಾದರ್ ಪಕ್ಕದಲ್ಲೇ ಪೂಜೆಯ ಪಾತ್ರೆ ಒರೆಸುತ್ತಿದ್ದರು.

"ಏನಂತೆ ಚೌರಣ್ಣ?" ಎಂದ ಲೂರ್ದು.

ಆಕೆ ಹೇಳಿದ್ದು ಇಷ್ಟು: ನೀನು ನಮ್ಮಲ್ಲೇ ಇರು. ನನ್ನ ಮಗಳ ಮನೆ ಪಕ್ಕದ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿಕೊಡುತ್ತೇವೆ.

ಚೌರಪ್ಪನ ಎದೆಗೆ ಕೆಂಡ ಬಿದ್ದಂತಾಯಿತು. "ಹೋಗ್ಬಾ ಅಂತಿದಾರೆ. ಸುಖವಾಗಿ ಊರು ಸೇರ್ಕೊ ಅಂತ," ಎಂದ.

ಲೂರ್ದುವಿನ ಮುಖ ಸಪ್ಪಗಾಯಿತು. "ನಂಗೆ ಇಲ್ಲೇ ಇರಕ್ಕೆ ಆಸೆ ಇತ್ತು ಅಂತ ಹೇಳಣ್ಣ."

ಚೌರಪ್ಪ ನಬಾಂಡಾ ಕಡೆ ತಿರುಗಿ ಚೆವಾದಲ್ಲಿ, "ಇವನ ತಾಯಿಗೆ ಕಾಯಿಲೆ. ಇರಲು ಆಗುವುದಿಲ್ಲವಂತೆ," ಎಂದ. ಒಂದು ತಪ್ಪೂ ಇಲ್ಲದ ಚೆವಾ.

ಆಕೆ ಲೂರ್ದುವಿನ ತಲೆ ಸವರಿ ಹೊರಟುಹೋದಳು. ಲೂರ್ದು ಗಂಟು ಕಟ್ಟಲು ಒಳಗೆ ಹೋದ. ಚೌರಪ್ಪ ಮೆಲ್ಲಗೆ ಫಾದರ್ ಕಡೆ ನೋಡಿದ.

"ಕೇಳಿಸ್ತಾ ಸ್ವಾಮಿ?"

"ಕಿವಿ ಇನ್ನೂ ಚೆನ್ನಾಗೇ ಇದೆ."

"ಮತ್ತೆ ಏನೂ ಅನ್ನಲಿಲ್ಲ?"

"ಇವತ್ತು ಮಾತು ದಾಟಿಸೋನು ನೀನು. ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ?" ಎಂದು ಫಾದರ್ ಮತ್ತೆ ಪಾತ್ರೆ ಒರೆಸತೊಡಗಿದರು.

ಹೊಸ ಬೆಳೆ ಇನ್ನೂ ಕೈಗೆ ಬಾರದ ತಿಂಗಳು ಅದು. ಊರಿನಲ್ಲಿ ಒಪ್ಪೊತ್ತಿನ ಊಟ. ಆದರೂ ಒಂದು ಮನೆಯಲ್ಲಿ ಕಾಯಿಲೆ ಎಂದರೆ ಉಳಿದ ಮನೆಗಳಿಂದ ಹಿಟ್ಟು ಹೋಗಬೇಕು, ಅದು ಅವರ ಪದ್ಧತಿ. ಮಧ್ಯಾಹ್ನವೇ ಹೆಂಗಸರು ತಲೆಯ ಮೇಲೆ ಬಟ್ಟಲು ಹೊತ್ತು ಸಾಲಾಗಿ ಬಂದರು. ಜೊತೆಗೆ ನಬಾಂಡಾ. ಫಾದರ್ ಒಂದು ಚೀಲ ತಂದು ಎರಡೂ ಕೈಯಿಂದ ಬಾಯಿ ಅಗಲಿಸಿ ಹಿಡಿದರು. ಒಬ್ಬೊಬ್ಬಳೂ ಲೂರ್ದುವಿನ ಕೈ ಮುಟ್ಟಿ, ಹಿಟ್ಟು ಸುರಿದು ಸರಿದಳು.

ಚೌರಪ್ಪನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಇನ್ನಷ್ಟು ಉರಿ. ಸುಳ್ಳು ಹೇಳಿದ್ದು ತಾನು, ಅದರ ಲಾಭವೂ ಇವನಿಗೇ! ತನ್ನ ತಾಯಿ ನಿಜಕ್ಕೂ ಹಾಸಿಗೆ ಹಿಡಿದಿದ್ದರೆ ಎಷ್ಟು ಬಟ್ಟಲು ಬರುತ್ತಿದ್ದವು ಎಂದು ಲೆಕ್ಕ ಹಾಕಿದ. ಒಂದೂ ಬರುತ್ತಿರಲಿಲ್ಲ ಎನ್ನಿಸಿತು.

ಕೊನೆಗೆ ಬಂದವಳು ಹಣ್ಣು ಮುದುಕಿ. ಬಟ್ಟಲಲ್ಲಿ ಎರಡು ಹಿಡಿ ಇತ್ತೋ ಇಲ್ಲವೋ. ಅದನ್ನು ಬೋರಲು ಹಾಕಿ, ತಳ ತಟ್ಟಿ, ಅಂಟಿದ್ದನ್ನೂ ಕೊಡವಿದಳು.

"ಇವತ್ತಿಗೆ ನಮ್ಮಲ್ಲಿದ್ದದ್ದು ಇಷ್ಟೇ ಮಗ. ನಿನ್ನ ತಾಯಿ ಗಂಜಿ ಕುಡಿಯಲಿ."

"ಏನಂತೆ ಅಣ್ಣ? ಯಾಕೆ ಹಿಟ್ಟು ತರ್ತಿದಾರೆ ಎಲ್ಲಾರೂ?" ಎಂದ ಲೂರ್ದು.

ಚೌರಪ್ಪ ಫಾದರ್ ಕಡೆ ತಿರುಗಿದ.

"ಸ್ವಾಮಿ, ನೀವೇ ಹೇಳಿ."

"ನನ್ನ ಕೈ ಖಾಲಿ ಇಲ್ಲಪ್ಪ," ಎಂದರು ಫಾದರ್, ಚೀಲ ಹಿಡಿದುಕೊಂಡೇ.

ಮುದುಕಿ ಖಾಲಿ ಬಟ್ಟಲು ಹಿಡಿದು ಚೌರಪ್ಪನ ಮುಖವನ್ನೇ ನೋಡುತ್ತಿದ್ದಳು, ತನ್ನ ಮಾತು ದಾಟಲಿ ಎಂದು ಕಾಯುತ್ತ. ಅವನಿಗೆ ತಡೆಯಲಾಗಲಿಲ್ಲ. ತಾನು ಸುಳ್ಳಾಡಿದ್ದನ್ನು ಮೊದಲು ಕನ್ನಡದಲ್ಲಿ ಹೇಳಿದ, ಆಮೇಲೆ ಚೆವಾದಲ್ಲಿ. ತನಗೆ ಹೊಟ್ಟೆಕಿಚ್ಚು ಎಂಬುದನ್ನೂ ಬಿಡದೆ ಹೇಳಿದ. ಚೆವಾದಲ್ಲಿ ಹೇಳುವಾಗ ಅಷ್ಟು ಚೆನ್ನಾಗಿ ಕಲಿತ ಭಾಷೆ ತೊದಲಿತು.

"ನಮ್ಮವ್ವನ್ನ ಮಲಗಿಸ್ಬಿಟ್ಯಾ ಅಣ್ಣ?" ಎಂದ ಲೂರ್ದು. ಆಮೇಲೆ, "ಇರು ಅಂದ್ರಾ? ನಿಜ್ವಾಗ್ಲೂ?" ಎಂದ.

ಚೌರಪ್ಪ ಹೌದೆಂದು ತಲೆಯಾಡಿಸಿದ. ಲೂರ್ದು ಅಳುತ್ತಿದ್ದಾನೋ ನಗುತ್ತಿದ್ದಾನೋ ನೋಡುವ ಧೈರ್ಯವಾಗಲಿಲ್ಲ.

ನಬಾಂಡಾ ಚೌರಪ್ಪನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಫಾದರ್ ಕಡೆ ತಿರುಗಿದಳು.

"ಹಾಗಾದರೆ ಈ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. ಹಿಟ್ಟು ನಾವು ಒಯ್ಯುತ್ತೇವೆ."

"ಒಯ್ಯಿರಿ ತಾಯಿ, ಮಕ್ಕಳು ಹಸಿದಿರುತ್ತವೆ," ಎಂದು ಫಾದರ್ ಚೀಲ ಅವಳ ಕಡೆ ಚಾಚಿದರು. ಚಾಚಿದವರು ಮತ್ತೆ ಹಿಂದಕ್ಕೆಳೆದು, ಒಂದು ಹಿಡಿ ಹಿಟ್ಟು ತೆಗೆದು, ಚೌರಪ್ಪನ ಎರಡೂ ಕೈ ಸೇರಿಸಿ ಬೊಗಸೆಗೆ ಹಾಕಿದರು.

"ಇಷ್ಟು ಇರಲಿ. ಕಾಯಿಲೆ ಇದೆ ಎಂದು ಇವನು ಹೇಳಿದ್ದು ನಿಜ. ಯಾರಿಗೆ ಎಂಬುದನ್ನು ಮಾತ್ರ ತಪ್ಪು ಹೇಳಿದ."